ಚಂದ್ರನನ್ನು ಅಳೆಯಲು ಒಂದು ರಟ್ಟಿನ ತುಂಡು

ಮುಂಬಯಿಯ ಕೋಟೆ ಭಾಗದ ಕನ್ನಡ ರಾತ್ರಿಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಬರುವ ಹುಡುಗರು. "ಸರ್, ನಿನ್ನೆ ಗೇಟ್‌ವೇ ಹತ್ರ ಚಂದ್ರ ನಮ್ಮ ದೋಸೆ ಕಾವಲಿಯಷ್ಟು ದೊಡ್ಡ ಇತ್ತು" ಅಂದ ಒಬ್ಬ. ದಿಗಂತದಲ್ಲಿ ಆಗತಾನೆ ಹುಟ್ಟಿದ ಚಂದ್ರ ದೊಡ್ಡದಾಗಿ, ಮೇಲೇರಿದ ಮೇಲೆ ಚಿಕ್ಕದಾಗಿ ಕಾಣುತ್ತಾನೆ; ಅವನು ನಿಜಕ್ಕೂ ಹಿಗ್ಗುತ್ತಾನೆಯೇ? ಬಾಯಲ್ಲಿ ವಿವರಿಸುವ ಬದಲು ಆ ಹುಡುಗನ ಕೈಯಿಂದಲೇ ಅಳೆಸಿದೆ. ನೀವೂ ಅಳೆಯಬಹುದು.

ಮಳೆಗಾಲ ಬಿಡಿ, ಕಾರ್ತಿಕದ ಹುಣ್ಣಿಮೆ ಒಳ್ಳೆಯದು. ಸೂರ್ಯ ಮುಳುಗುವ ಹೊತ್ತಿಗೆ ಗೇಟ್‌ವೇ ಆಫ್ ಇಂಡಿಯಾದ ಕಡಲ ಬದಿಗೆ ಹೋಗಿ. ಮರೀನ್ ಡ್ರೈವ್ ಬೇಡ, ಅದರ ಮುಖ ಪಶ್ಚಿಮಕ್ಕೆ. ಕೆಲಸ ತಡವಾಗಿ ಮುಗಿಯುವವರು ಮಾರನೆಯ ದಿನ ಹೋಗಲಿ. ಅಂದು ಚಂದ್ರನೂ ಸುಮಾರು ಮುಕ್ಕಾಲು ಗಂಟೆ ತಡ.

ಫೈಲಿನ ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮಷೀನಿನಿಂದ ರಟ್ಟಿಗೆ ಒಂದು ತೂತು ಹೊಡೆಯಿರಿ. ಅಗಲ ಸುಮಾರು 6 ಮಿಲಿಮೀಟರ್. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಅದರೊಳಗಿಂದ ನೋಡಿ. ಅಷ್ಟು ದೊಡ್ಡ ಚಂದ್ರ ಆ ಪುಟ್ಟ ತೂತಿನಲ್ಲಿ ಹಿಡಿಸಿಬಿಡುತ್ತಾನೆ! ನಮ್ಮ ಕಣ್ಣಿಗೆ ಅವನ ಅಗಲ ಬರೀ ಅರ್ಧ ಡಿಗ್ರಿ. ರಾತ್ರಿ ಹನ್ನೊಂದಕ್ಕೆ, ಅವನು ಮೇಲೇರಿದಾಗ, ಅದೇ ರಟ್ಟು ಹಿಡಿದು ಮತ್ತೆ ನೋಡಿ. ಅಳತೆ ಬದಲಾಗಿರುವುದಿಲ್ಲ.

ಹಾಗಾದರೆ ಹಿಗ್ಗಿದ್ದೆಲ್ಲಿ? ಇದಕ್ಕೆ ಮನೆಯಲ್ಲೇ ಇನ್ನೊಂದು ಪ್ರಯೋಗ ಮಾಡಿ. ನನಗೆ ಇದೇ ಹೆಚ್ಚು ಪ್ರಿಯ. ಬೆಂಕಿಪೊಟ್ಟಣದಷ್ಟು ಕೆಂಪು ಕಾಗದವನ್ನು ಒಳ್ಳೆಯ ಬೆಳಕಿನಲ್ಲಿಟ್ಟು, ಅದರ ನಡುವೆ ಅರ್ಧ ನಿಮಿಷ ದಿಟ್ಟಿಸಿ. ಆಮೇಲೆ ಕೈಯಲ್ಲಿರುವ ಬಿಳಿ ಹಾಳೆ ನೋಡಿದರೆ ಹಸಿರು-ನೀಲಿ ಕಲೆಯೊಂದು ತೇಲುತ್ತದೆ. ತಕ್ಷಣ ದೂರದ ಗೋಡೆಗೆ ಕಣ್ಣು ಹಾಯಿಸಿ: ಅದೇ ಕಲೆ ದೊಡ್ಡದಾಗುತ್ತದೆ. ಕಣ್ಣಿನ ಪರದೆಯ ಮೇಲಿನ ಗುರುತು ಇದ್ದಷ್ಟೇ ಇದೆ. "ಇದು ದೂರದ್ದು, ಹಾಗಾದರೆ ದೊಡ್ಡದಿರಬೇಕು" ಎಂದು ಮಿದುಳು ಲೆಕ್ಕ ಹಾಕಿತು. 1881ರಲ್ಲಿ ಸ್ವಿಸ್ ನೇತ್ರವೈದ್ಯ ಎಮಿಲ್ ಎಮ್ಮರ್ಟ್ ಇದನ್ನು ನಿಯಮವಾಗಿ ಬರೆದಿಟ್ಟ. ಕಡಲು, ದೋಣಿ, ಆಚೆ ದಡದ ದೀಪಗಳು ಸಾಲಾಗಿ ಕಂಡಾಗ ದಿಗಂತ ಬಹಳ ದೂರವೆಂದು ಮಿದುಳಿಗೆ ಅನ್ನಿಸುತ್ತದೆ. ಬರಿದಾದ ನೆತ್ತಿಯ ಆಕಾಶ ಅಷ್ಟು ದೂರ ಅನ್ನಿಸುವುದಿಲ್ಲ. ಕಾರಣ ಇದೊಂದೇ ಎಂದು ವಿಜ್ಞಾನಿಗಳು ಇನ್ನೂ ಒಪ್ಪಿಲ್ಲ, ಆದರೆ ಇದರ ಪಾಲು ದೊಡ್ಡದೆಂದೇ ನನ್ನ ನಂಬಿಕೆ.

ಆ ಹುಡುಗ ಹೋಟೆಲು ಮುಚ್ಚಿದ ಮೇಲೆ ಟೆರೇಸಿಗೆ ಹತ್ತಿ ಅಳೆದಿದ್ದ. ಮರುದಿನ ರಟ್ಟನ್ನು ನನ್ನ ಮೇಜಿನ ಮೇಲಿಟ್ಟು ಹೇಳಿದ: "ತೂತು ಅಷ್ಟೇ ತುಂಬ್ತು ಸರ್. ರಟ್ಟು ತೆಗೆದ್ರೆ ಚಂದ್ರ ಮತ್ತೆ ಚಿಕ್ಕದೇ ಕಾಣ್ತದೆ."