ಅಂಗಳದಲ್ಲಿ ನಾಯಿಮರಿ, ಕಟ್ಟೆಯ ಮೇಲೆ ಬೆಕ್ಕು: ಪರಿಚಯ ಮಾಡಿಸುವ ಬಗೆ

ನಾಯಿಮರಿಯನ್ನು ಬೆಕ್ಕಿನ ಹತ್ತಿರ ಒಯ್ಯಬೇಡಿ, ಬೆಕ್ಕೇ ಬರಲಿ. ಬೆಕ್ಕನ್ನು ಕಂಕುಳಲ್ಲಿ ಅದುಮಿಕೊಂಡು ಮರಿಯ ಮೂತಿಗೆ ಹಿಡಿಯುವುದು ನಮ್ಮ ಮಲೆನಾಡಿನ ಕಡೆ ಬಹಳ ಮನೆಗಳಲ್ಲಿ ಆಗುವ ತಪ್ಪು. ಓಡಲು ದಾರಿಯಿಲ್ಲದ ಬೆಕ್ಕು ಪರಚುತ್ತದೆ. ಉಗುರು ಮರಿಯ ಕಣ್ಣಿಗೆ ತಾಗಿದರೆ ಕಣ್ಣೇ ಹೋಗಬಹುದು.

ಮರಿಗೆ 8ರಿಂದ 14 ವಾರ ಆಗಿರುವಾಗ ಶುರು ಮಾಡಿದರೆ ಸುಲಭ. ಪಾರ್ವೊ (ಮರಿಗಳಿಗೆ ಬರುವ ವಾಂತಿ-ಭೇದಿ ರೋಗ) ಲಸಿಕೆಯ ಕಂತುಗಳು 16 ವಾರದ ತನಕ ಇರುವುದರಿಂದ ರಸ್ತೆ ಬೇಡ, ಬೀದಿನಾಯಿ ಬಾರದ ಸ್ವಂತ ಅಂಗಳ ಸಾಕು. ಗುಡಿಸಿದ ಅಂಗಳವೇ ಆಗಬೇಕು. ತೋಟದ ದರಗೆಲೆಯಲ್ಲಿ ಉಣುಗು, ಮಳೆಗಾಲವಾದರೆ ಉಂಬಳ (ಜಿಗಣೆ). ಮಳೆ ಹೊಳವಾದ ಹೊತ್ತು ನೋಡಿಕೊಳ್ಳಿ. ಕತ್ತಲಾಗುವ ಮೊದಲೇ ಎರಡನ್ನೂ ಒಳಗೆ ಸೇರಿಸಿ, ಕಾಡಂಚಿನ ಮನೆಗಳಲ್ಲಿ ಚಿರತೆಗೆ ನಾಯಿ ಸುಲಭದ ತುತ್ತು.

ಬೆಕ್ಕಿಗೆ ಮೇಲೇರುವ ಜಾಗ ಮೊದಲು ಗೊತ್ತುಮಾಡಿ: ಜಗಲಿಯ ಕಟ್ಟೆ, ಕೊಟ್ಟಿಗೆಯ ಅಟ್ಟ, ಹಲಸಿನ ಮರ, ಯಾವುದಾದರೂ ಸರಿ, ಮರಿಗೆ ಎಟುಕಬಾರದು. ಅದರ ಊಟದ ತಟ್ಟೆಯೂ ಅಲ್ಲೇ ಇರಲಿ. ಮರಿಯನ್ನು ಕಾಲು ಗಂಟೆ ಆಡಿಸಿ ಸುಸ್ತು ಮಾಡಿ, ಎದೆಪಟ್ಟಿಗೆ 8 ಅಡಿಯ ನೂಲಿನ ಹಗ್ಗ ಕಟ್ಟಿ. ತೆಂಗಿನ ನಾರಿನ ಹಗ್ಗ ಚರ್ಮ ಸುಲಿಯುತ್ತದೆ. ಹಗ್ಗ ಸಡಿಲವಾಗಿಯೇ ಇರಲಿ. ಎಳೆದು ಹಿಡಿದಷ್ಟೂ ಮರಿ ಮುನ್ನುಗ್ಗುತ್ತದೆ.

ಮೊದಲ ದಿನ 15–20 ಅಡಿ ದೂರ, ಐದೇ ನಿಮಿಷ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮರಿ ಬೆಕ್ಕನ್ನು ನೋಡಿ ನಿಮ್ಮ ಕಡೆ ತಿರುಗಿತೇ, ಕಡಲೆಕಾಳಿನಷ್ಟು ಬೇಯಿಸಿದ ಕೋಳಿ ಚೂರು ಕೊಡಿ. ಬೆಕ್ಕು ಆರಾಮವಾಗಿ ತಿನ್ನುತ್ತಿದ್ದರೆ ಮಾತ್ರ ಮರುದಿನ ಎರಡು ಮೂರು ಅಡಿ ಹತ್ತಿರ. ತಿನ್ನುವುದು ಬಿಟ್ಟರೆ ನಿನ್ನೆಯ ದೂರಕ್ಕೇ ಹಿಂದೆ ಸರಿಯಿರಿ.

ಇನ್ನು ನೋಡುವ ಕೆಲಸ. ಜಗಳ ಬಹುಮಟ್ಟಿಗೆ ಹುಟ್ಟುವುದು ಭಾಷೆ ತಪ್ಪಿದ್ದರಿಂದ, ಹಗೆಯಿಂದಲ್ಲ. ಮುಂಗಾಲು ನೆಲಕ್ಕೂರಿ ಕುಂಡೆ ಎತ್ತಿದ ಮರಿ ‘ಆಡೋಣ ಬಾ’ ಎನ್ನುತ್ತಿದೆ. ಬೆಕ್ಕಿಗೆ ಅದು ಮೈಮೇಲೆ ಹಾರುವ ಹೊಂಚಿನಂತೆ ಕಾಣುತ್ತದೆ. ಮರಿ ಬಾಲ ಅಲ್ಲಾಡಿಸಿದರೆ ಸಾಮಾನ್ಯವಾಗಿ ಖುಷಿ, ಬೆಕ್ಕು ಬಾಲವನ್ನು ಅತ್ತಿತ್ತ ಬಡಿದರೆ ಸಿಟ್ಟು. ಬೆಕ್ಕಿನ ಬಾಲ ಕೋಲಿನಂತೆ ನೆಟ್ಟಗಿದ್ದು ಮೈಕೂದಲು ಮಲಗಿದ್ದರೆ ಸ್ನೇಹ. ಅದೇ ಬಾಲ ಉಬ್ಬಿ ಬೆನ್ನು ಕಮಾನಾದರೆ ಅಂದಿಗೆ ಮುಗಿಸಿ. ಬುಸ್ ಎಂದಿತೆಂದು ಬೆಕ್ಕನ್ನು ಗದರಬೇಡಿ, ಎಚ್ಚರಿಸುವುದನ್ನು ಕಲಿತ ಬೆಕ್ಕೇ ಒಳ್ಳೆಯದು. ಹೆಚ್ಚು ಹುಷಾರಾಗಬೇಕಾದದ್ದು ಬಾಯಿ ಮುಚ್ಚಿ, ಮೈ ಸೆಟೆಸಿ, ಕಣ್ಣು ಮಿಟುಕಿಸದೆ ನೋಡುವ ಮರಿಯ ಬಗ್ಗೆ. ಅದು ಆಟವಲ್ಲ, ಬೇಟೆ. ಮೆಲ್ಲನೆ ಪಕ್ಕಕ್ಕೆ ತಿರುಗಿಸಿ ಕರೆದೊಯ್ಯಿರಿ.

ಬೆಕ್ಕು ಓಡಿದರೆ ಮರಿ ಅಟ್ಟಿಸಿಕೊಂಡೇ ಹೋಗುತ್ತದೆ. ಹಗ್ಗದ ತುದಿ ತುಳಿದು ನಿಲ್ಲಿ. ಕೂಗಬೇಡಿ, ಕೂಗಿದರೆ ನೀವೂ ಬೇಟೆಗೆ ಸೇರಿದಿರಿ ಎಂದುಕೊಳ್ಳುತ್ತದೆ. ಒಮ್ಮೆ ಅಟ್ಟಿದ ರುಚಿ ಹತ್ತಿದರೆ ಬಿಡಿಸುವುದು ಬಹಳ ಕಷ್ಟ.

ಮಲೆನಾಡಿನವರು ಮರೆಯಲೇಬಾರದ ಮಾತೊಂದಿದೆ. ನಾಯಿಯ ಉಣುಗಿಗೆ ಬೆನ್ನ ಮೇಲೆ ಹಾಕುವ ಕೆಲವು ಔಷಧಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಅದು ಬೆಕ್ಕಿಗೆ ವಿಷ. ಔಷಧದ ಒದ್ದೆ ಆರದ ಮರಿಗೆ ಮೈಯುಜ್ಜಿದರೂ ಬೆಕ್ಕು ನಡುಕ, ಸೆಳೆತ ಬಂದು ಸಾಯಬಹುದು. ಡಬ್ಬಿಯ ಮೇಲಿನ ಹೆಸರು ಓದಿ, ಮನೆಯಲ್ಲಿ ಬೆಕ್ಕಿದೆ ಎಂದು ಪಶುವೈದ್ಯರಿಗೆ ಹೇಳಿಯೇ ಔಷಧ ತನ್ನಿ. ಮೂರು ತಿಂಗಳು ತುಂಬಿದ ಮೇಲೆ ಎರಡಕ್ಕೂ ರೇಬೀಸ್ ಲಸಿಕೆ ಹಾಕಿಸಿ. ಬಿಡಿಸಲು ಹೋಗಿ ನಿಮ್ಮ ಕೈಗೆ ಹಲ್ಲು, ಉಗುರು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಬೆಕ್ಕು ಕಟ್ಟೆಯಿಂದಿಳಿದು, ನಡಿಗೆ ಬದಲಿಸದೆ ಮರಿಯ ಮುಂದೆಯೇ ಅಂಗಳ ದಾಟಿ ಹೋಗುವುದನ್ನು ಒಂದು ವಾರ ಎಡೆಬಿಡದೆ ಕಂಡ ಮೇಲೆ ಹಗ್ಗ ಬಿಚ್ಚಿ. ಎರಡನ್ನೇ ಬಿಟ್ಟು ತೋಟಕ್ಕೆ ಹೋಗಲು ಮಾತ್ರ ಮರಿಗೆ ಆರು ತಿಂಗಳಾದರೂ ತುಂಬಲಿ.