ಕಾಸ್ ಸಿಗೋಕೆ ಮುಂಚೆ: ಲೀಡ್ಸ್‌ನಲ್ಲಿ ಇದ್ದುಕೊಂಡೇ ವೀಸಾ ಬದಲಿಸಿದ ನನ್ನ ಅನುಭವ

ನಾನು ದಾವಣಗೆರೆಯಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಎಂಎಸ್ಸಿ ಓದೋಕೆ ಬಂದಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಓದು ಮುಗಿದ ಮೇಲೆ 2023ರ ಫೆಬ್ರುವರಿಯಲ್ಲಿ ಗ್ರಾಜುಯೇಟ್ ವೀಸಾ ಸಿಕ್ಕಿತು. ಎರಡು ವರ್ಷ ಯಾರ ಹಂಗೂ ಇಲ್ಲ, ಎಲ್ಲಿ ಬೇಕಾದರೂ ಕೆಲಸ ಮಾಡಬಹುದು. ಸುಮಾರು ನಲವತ್ತು ಜನರ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿ ಸೇರಿದೆ. ಜನ ಒಳ್ಳೆಯವರು, ಕೆಲಸವೂ ಇಷ್ಟ ಆಯಿತು. ಹಾಗಾಗಿ, ಆಮೇಲೂ ಇಲ್ಲಿರೋಕೆ ನನಗೆ ಕಂಪನಿಯೇ ಸ್ಪಾನ್ಸರ್ ಮಾಡಬೇಕಾದ ಸ್ಕಿಲ್ಡ್ ವರ್ಕರ್ ವೀಸಾ ಬೇಕಾಗುತ್ತೆ ಅಂತ ಗೊತ್ತಿದ್ದರೂ ಆ ವಿಷಯ ಎತ್ತದೆ ಸುಮ್ನೆ ಇದ್ದುಬಿಟ್ಟೆ.

2023ರ ಡಿಸೆಂಬರ್ 4ರಂದು ಆಗಿನ ಹೋಮ್ ಸೆಕ್ರೆಟರಿ, ಅಂದರೆ ಗೃಹ ಸಚಿವ ಜೇಮ್ಸ್ ಕ್ಲೆವರ್ಲಿ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಸ್ಕಿಲ್ಡ್ ವರ್ಕರ್ ವೀಸಾಗೆ ಬೇಕಾದ ಕನಿಷ್ಠ ವಾರ್ಷಿಕ ಸಂಬಳ 26,200 ಪೌಂಡ್‌ನಿಂದ 38,700ಕ್ಕೆ ಏರುತ್ತದೆ ಅಂದರು. ಅದು ಜಾರಿಗೆ ಬಂದಿದ್ದು 2024ರ ಏಪ್ರಿಲ್ 4ಕ್ಕೆ. ಅಂದರೆ ನನ್ನ ಕೈಯಲ್ಲಿ ನಾಲ್ಕು ತಿಂಗಳು ಇತ್ತು. ಆ ನಾಲ್ಕು ತಿಂಗಳು ನಾನು ಏನು ಮಾಡಿದೆ? ಪ್ರತಿ ಶುಕ್ರವಾರ ಮ್ಯಾನೇಜರ್ ಜೊತೆ ಅರ್ಧ ಗಂಟೆ ಮಾತಿರುತ್ತಿತ್ತು, ಪ್ರತಿ ಗುರುವಾರ ರಾತ್ರಿ ನಾಳೆ ಕೇಳೇ ಕೇಳ್ತೀನಿ ಅಂದುಕೊಂಡು ಮಲಗುತ್ತಿದ್ದೆ, ಶುಕ್ರವಾರ ಬಂದರೆ ಹವಾಮಾನದ ಬಗ್ಗೆ ಮಾತಾಡಿ ಎದ್ದು ಬರುತ್ತಿದ್ದೆ. ಕೇಳಿದರೆ ನಾನು ದುಬಾರಿ ಆಸಾಮಿ ಅಂತ ಅನಿಸಿಬಿಡುತ್ತೇನೇನೋ ಅನ್ನೋ ಸಂಕೋಚ. ನಮ್ಮ ಮನೆಗಳಲ್ಲಿ ಪಕ್ಕದ ಮನೆಗೆ ಹೋಗಿ ಒಂದು ಲೋಟ ಸಕ್ಕರೆ ಕೇಳೋಕೂ ಮೂರು ಸಲ ಯೋಚಿಸುತ್ತೇವೆ, ಇನ್ನು ವೀಸಾ ಕೇಳೋದು ಹೇಗೆ?

ಕೊನೆಗೆ ಕೇಳಿದ್ದು ಮೇ ತಿಂಗಳಲ್ಲಿ, ಕನಿಷ್ಠ ಸಂಬಳದ ಮಿತಿ ಏರಿದ ಮೇಲೆ. ಮ್ಯಾನೇಜರ್ ಮುಖ ಕೆಡಿಸಿಕೊಳ್ಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಇದಕ್ಕೆ ಹದಿನೈದು ಇಪ್ಪತ್ತು ಸಾವಿರ ಪೌಂಡ್ ಆಗುತ್ತೆ ಅಲ್ವಾ?" ನನಗೂ ಗೊತ್ತಿರಲಿಲ್ಲ. ಸೋಮವಾರ ಹೇಳ್ತೀನಿ ಅಂದೆ.

ಆ ಶನಿವಾರ ಭಾನುವಾರ ಕೂತು ಮಾಡಿದ ಒಂದು ಹಾಳೆಯೇ ನನ್ನ ಕೆಲಸ ಮಾಡಿಕೊಟ್ಟಿತು. ಹೊರದೇಶದವರನ್ನು ಈ ವೀಸಾ ಮೇಲೆ ಕೆಲಸಕ್ಕೆ ಇಟ್ಟುಕೊಳ್ಳೋಕೆ ಬೇಕಾದ ಸ್ಪಾನ್ಸರ್ ಲೈಸೆನ್ಸ್ ನಮ್ಮ ಕಂಪನಿಗೆ ಇರಲಿಲ್ಲ. ಯಾರ ಹತ್ತಿರ ಲೈಸೆನ್ಸ್ ಇದೆ ಅಂತ ಹೋಮ್ ಆಫೀಸ್, ಅಂದರೆ ಇಲ್ಲಿನ ಗೃಹ ಇಲಾಖೆ, ಒಂದು ದೊಡ್ಡ ಪಟ್ಟಿಯನ್ನೇ ಪ್ರಕಟಿಸುತ್ತದೆ, ಯಾರು ಬೇಕಾದರೂ ನೋಡಬಹುದು. ಚಿಕ್ಕ ಕಂಪನಿಗೆ ಲೈಸೆನ್ಸ್ ಫೀಸು ಆಗ 536 ಪೌಂಡ್. ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್‌ಗೆ 239. ಹೊರದೇಶದವರನ್ನು ಸ್ಪಾನ್ಸರ್ ಮಾಡೋದಕ್ಕೆ ಕಂಪನಿ ಕಟ್ಟಬೇಕಾದ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಅಂತ ಇನ್ನೊಂದಿದೆ, ಚಿಕ್ಕ ಕಂಪನಿಗೆ ಆಗ ವರ್ಷಕ್ಕೆ 364, ನನ್ನ ಎರಡು ವರ್ಷ ಮೂರು ತಿಂಗಳ ಅವಧಿಗೆ ಎರಡೂವರೆ ವರ್ಷದ ಲೆಕ್ಕದಲ್ಲಿ 910. ಒಟ್ಟು 1,685 ಪೌಂಡ್. ಹೊಸಬರೊಬ್ಬರನ್ನು ಹುಡುಕೋಕೆ ಏಜೆನ್ಸಿಗೆ ಕೊಡುವ ದುಡ್ಡಿನ ಮುಂದೆ ಇದು ಏನೂ ಅಲ್ಲ. ಹಾಳೆ ನೋಡಿ ಮ್ಯಾನೇಜರ್ "ಇಷ್ಟೇನಾ?" ಅಂದರು. ಆರು ತಿಂಗಳು ನಾನು ಹೊತ್ತುಕೊಂಡು ತಿರುಗಿದ ಭಾರ ಆ ಒಂದು ಮಾತಿಗೆ ಇಳಿಯಿತು. ನನ್ನ ಮೇಲೆ ನನಗೇ ಸಿಟ್ಟೂ ಬಂತು.

ಲೈಸೆನ್ಸ್ ಅರ್ಜಿ ಹಾಕಿದ್ದು ಜುಲೈನಲ್ಲಿ. ಬ್ಯಾಂಕ್ ಕಾಗದ, ವ್ಯಾಟ್ ನೋಂದಣಿ, ಪೇರೋಲ್ ತೆರಿಗೆ ನೋಂದಣಿ, ಐವತ್ತು ಲಕ್ಷ ಪೌಂಡ್‌ನ ಎಂಪ್ಲಾಯರ್ಸ್ ಲಯಬಿಲಿಟಿ ಇನ್ಶೂರೆನ್ಸ್ ಪತ್ರ, ಇವನ್ನೆಲ್ಲ ಎಚ್‌ಆರ್ ಹೊಂದಿಸಿದರು. ಸೆಪ್ಟೆಂಬರ್ ಮಧ್ಯಕ್ಕೆ ಲೈಸೆನ್ಸ್ ಬಂತು. ಅಲ್ಲಿ ನನ್ನ ಪಾತ್ರ ಏನೂ ಇಲ್ಲ, ದಿನಾ ಎಚ್‌ಆರ್ ಮುಖ ನೋಡೋದು ಬಿಟ್ಟರೆ.

ನಿಜವಾದ ತಲೆನೋವು ಶುರುವಾಗಿದ್ದು ಸರ್ಟಿಫಿಕೇಟ್ ಹಂತದಲ್ಲಿ. ಇಲ್ಲಿ ಎಲ್ಲರೂ ಅದನ್ನು ಸಿಒಎಸ್ ಅಥವಾ ಕಾಸ್ ಅಂತಾರೆ. ನಮ್ಮ ಕನ್ನಡದ ಗುಂಪಿನಲ್ಲಿ ಇದು ಹಳೇ ಜೋಕು, ಕಾಸ್ ಬೇಕಾದರೆ ಕಾಸು ಬೇಕು ಅಂತ. ಹೆಸರು ಸರ್ಟಿಫಿಕೇಟ್ ಅಂತಿದ್ದರೂ ಕಾಗದ ಏನೂ ಇರಲ್ಲ. ಹೋಮ್ ಆಫೀಸ್ ಕಂಪ್ಯೂಟರಿನಲ್ಲಿ ಒಂದು ದಾಖಲೆ, ನಮ್ಮ ಕೈಗೆ ಬರೋದು ಒಂದು ನಂಬರ್ ಮಾತ್ರ. ಅದು ಬಂದ ಮೂರು ತಿಂಗಳ ಒಳಗೆ ಅರ್ಜಿ ಹಾಕಬೇಕು.

ಎಚ್‌ಆರ್ ಕರಡು ಮಾಡಿ ನನಗೆ ತೋರಿಸಿದರು. ಪುಣ್ಯಕ್ಕೆ ತೋರಿಸಿದರು. ಅದರಲ್ಲಿ ನನ್ನ ಕೆಲಸದ ಕೋಡ್ 2134, ಅಂದರೆ ಪ್ರೋಗ್ರಾಮರ್. ಸಂಬಳ 36,000 ಪೌಂಡ್. ವಾರಕ್ಕೆ 40 ಗಂಟೆ. ಮೇಲ್ನೋಟಕ್ಕೆ ಸರಿಯಾಗೇ ಇದೆ. 38,700 ಅನ್ನೋದು ಎಲ್ಲರಿಗೂ ಇರಲಿಲ್ಲ, ಗ್ರಾಜುಯೇಟ್ ವೀಸಾದಿಂದ ಬರುವವರು ನ್ಯೂ ಎಂಟ್ರೆಂಟ್, ಅಂದರೆ ಹೊಸಬರ ಲೆಕ್ಕಕ್ಕೆ ಬರುತ್ತಾರೆ. ಅವರಿಗೆ ಆಗ 30,960 ಪೌಂಡ್ ಅಥವಾ ಆ ಕೆಲಸದ ಗೋಯಿಂಗ್ ರೇಟಿನ (ಆ ಕೆಲಸಕ್ಕೆ ಅಂತ ಸರ್ಕಾರ ಗೊತ್ತುಮಾಡಿದ ಸಂಬಳದ) ನೂರಕ್ಕೆ 70, ಎರಡರಲ್ಲಿ ಯಾವುದು ಜಾಸ್ತಿಯೋ ಅದು. 2134ಕ್ಕೆ ಗೋಯಿಂಗ್ ರೇಟ್ ಆಗ 49,400. ಅದರ 70 ಅಂದರೆ 34,580. ನನ್ನದು 36,000. ಪಾಸ್ ಅಲ್ವಾ?

ಅಲ್ಲ. ಆ ಗೋಯಿಂಗ್ ರೇಟ್ ಇರೋದು ವಾರಕ್ಕೆ 37.5 ಗಂಟೆಗೆ. ಗಂಟೆ ಜಾಸ್ತಿಯಾದರೆ ರೇಟೂ ಅದೇ ಲೆಕ್ಕದಲ್ಲಿ ಏರುತ್ತದೆ. 40 ಗಂಟೆಗೆ 36,885 ಪೌಂಡ್ ಬೇಕು. 885 ಪೌಂಡ್ ಕಡಿಮೆ! ರಾತ್ರಿ ಹನ್ನೊಂದಕ್ಕೆ ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಇದನ್ನು ಮೂರು ಸಲ ಹೊಡೆದು ನೋಡಿದೆ. ಹಾಗೇ ಅರ್ಜಿ ಹಾಕಿದ್ದರೆ ರಿಜೆಕ್ಟ್ ಆಗುವುದು ಖಂಡಿತ. ವಿಚಿತ್ರ ಏನು ಅಂದರೆ ನಾವು ಯಾರೂ 40 ಗಂಟೆ ಮಾಡುತ್ತಲೇ ಇರಲಿಲ್ಲ. ಒಂಬತ್ತಕ್ಕೆ ಬಂದು ಐದೂವರೆಗೆ ಹೋಗುತ್ತಿದ್ದೆವು, ಮಧ್ಯೆ ಒಂದು ಗಂಟೆ ಊಟ. ದಿನಕ್ಕೆ ಏಳೂವರೆ, ವಾರಕ್ಕೆ ಸರಿಯಾಗಿ 37.5. ಯಾವುದೋ ಹಳೇ ಮಾದರಿಯಿಂದ ನಕಲು ಹೊಡೆದು ಕಾಂಟ್ರ್ಯಾಕ್ಟಿನಲ್ಲಿ 40 ಅಂತ ಕೂತಿತ್ತು. ಎಚ್‌ಆರ್ ಕಾಂಟ್ರ್ಯಾಕ್ಟ್ ತಿದ್ದಿದರು, ಇಬ್ಬರೂ ಸಹಿ ಹಾಕಿದೆವು, ಕರಡು ಬದಲಾಯಿತು.

ಇನ್ನೊಂದು ತಪ್ಪು ನಮ್ಮ ಕಡೆಯವರಿಗೇ ಆಗುವಂಥದ್ದು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಊರಲ್ಲಿ ಇನಿಷಿಯಲ್ ಇಟ್ಟುಕೊಂಡು ಬೆಳೆದ ನಮಗೆ ಸರ್‌ನೇಮ್ ಎಲ್ಲಿಂದ ಬರಬೇಕು? ಆದರೆ ಕಂಪನಿಯ ಪೇರೋಲ್ ಸಾಫ್ಟ್‌ವೇರ್ ಖಾಲಿ ಬಿಡೋಕೆ ಬಿಡಲ್ಲ, ಸೇರಿದ ದಿನ ಅಪ್ಪನ ಹೆಸರು ತುಂಬಿದ್ದೆ. ಆ ಹೆಸರೇ ಕಾಸ್ ಕರಡಿಗೂ ನುಗ್ಗಿತ್ತು. ಪಾಸ್‌ಪೋರ್ಟ್ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ಸರಿ ಮಾಡಿಸಿದೆ.

ನವೆಂಬರ್ 4ಕ್ಕೆ ಅರ್ಜಿ ಹಾಕಿದೆ. ನಂಬಿ, ಫಾರ್ಮ್ ತುಂಬೋದೇ ಇದರಲ್ಲಿ ಎಲ್ಲಕ್ಕಿಂತ ಸುಲಭದ ಕೆಲಸ. ಇಂಗ್ಲಿಷ್ ಪರೀಕ್ಷೆ ಬೇಡ, ಹಿಂದಿನ ವೀಸಾಗೇ ಸಾಬೀತು ಮಾಡಿದ್ದೆ. ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲೇ ಇದ್ದಿದ್ದರಿಂದ ಬ್ಯಾಂಕ್ ಸ್ಟೇಟ್‌ಮೆಂಟೂ ಬೇಡ. ಫೋನಿನ ಆ್ಯಪ್‌ನಲ್ಲಿ ಹಳೇ ವೀಸಾ ಜೊತೆ ಕೊಟ್ಟಿದ್ದ ವಾಸದ ಪರವಾನಗಿ ಕಾರ್ಡ್ ಸ್ಕ್ಯಾನ್ ಮಾಡಿ, ಮುಖ ತೋರಿಸಿದರೆ ಮುಗಿಯಿತು. ಒಬ್ಬ ವಕೀಲರು ಇದಕ್ಕೆ 1,200 ಪೌಂಡ್ ಕೇಳಿದ್ದರು. ನನ್ನಂಥ ನೇರ ಕೇಸಿಗೆ ಬೇಕಿರಲಿಲ್ಲ, ಹಿಂದೆ ಏನಾದರೂ ರಿಜೆಕ್ಟ್ ಆಗಿದ್ದವರ ಮಾತು ಬೇರೆ.

ದುಡ್ಡು ಮಾತ್ರ ಕರುಳು ಹಿಂಡಿತು. ಅರ್ಜಿ ಫೀಸು 827. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಹೆಲ್ತ್ ಸರ್‌ಚಾರ್ಜ್ ವರ್ಷಕ್ಕೆ 1,035ರಂತೆ ಎರಡು ವರ್ಷ, ಮೇಲಿನ ಮೂರು ತಿಂಗಳಿಗೆ ಅರ್ಧ ವರ್ಷದ ಲೆಕ್ಕ, ಒಟ್ಟು 2,587 ಪೌಂಡ್ 50 ಪೆನ್ಸ್, ಒಂದೇ ಏಟಿಗೆ ಕಟ್ಟಬೇಕು. ಬ್ಯಾಂಕಿನವರು ಮೋಸ ಇರಬಹುದು ಅಂತ ಕಾರ್ಡ್ ತಡೆದರು, ಫೋನ್ ಮಾಡಿ ನಾನೇ ಕಟ್ತಿರೋದು ಅಂತ ಹೇಳಬೇಕಾಯಿತು. ಮೇಲೆ ಬೇಗ ಉತ್ತರ ಸಿಗುವ ಪ್ರಯಾರಿಟಿ ಸೇವೆಗೆ 500. ಅದನ್ನು ಬಿಡೋ ಹಾಗಿರಲಿಲ್ಲ, ನವೆಂಬರ್ ಕೊನೆಗೆ ತಮ್ಮನ ಮದುವೆ. ಮಾಮೂಲಿ ಅರ್ಜಿಗೆ ಎಂಟು ವಾರ ಹಿಡಿಯುತ್ತದೆ, ಅಷ್ಟರೊಳಗೆ ಬ್ರಿಟನ್ ಐರ್ಲೆಂಡ್ ದಾಟಿ ಕಾಲಿಟ್ಟರೆ ಅರ್ಜಿ ವಾಪಸ್ ತೆಗೆದುಕೊಂಡ ಹಾಗೆ. ರೂಪಾಯಿ ಲೆಕ್ಕದಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಆಯಿತು, ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಈ ಫೀಸುಗಳನ್ನು ನೌಕರ ಕಟ್ಟಬಹುದು, ಕಂಪನಿಯೂ ಕಟ್ಟಬಹುದು, ಮಾತಾಡಿಕೊಂಡ ಹಾಗೆ. ಆದರೆ ಸ್ಕಿಲ್ಸ್ ಚಾರ್ಜನ್ನು ನೌಕರನ ತಲೆಗೆ ಕಟ್ಟುವ ಹಾಗಿಲ್ಲ. 2024ರ ಡಿಸೆಂಬರ್ 31ರಿಂದ ಕಾಸ್ ಫೀಸನ್ನೂ ಕಟ್ಟಿಸುವ ಹಾಗಿಲ್ಲ. ಕಾಸ್ ಕೊಡಿಸ್ತೀನಿ, ಇಷ್ಟು ಸಾವಿರ ಕೊಡು ಅಂತ ಯಾರಾದರೂ ಬಂದರೆ ಅಲ್ಲಿಂದ ಎದ್ದು ಬನ್ನಿ.

ಐದನೇ ಕೆಲಸದ ದಿನ ಮಧ್ಯಾಹ್ನ ಇಮೇಲ್ ಬಂತು. ಹೊಸ ಕಾರ್ಡ್ ಇಲ್ಲ, ಎಲ್ಲ ಇವೀಸಾ, ಅಂದರೆ ಆನ್‌ಲೈನ್‌ನಲ್ಲೇ ಇರುವ ದಾಖಲೆ. ಮದುವೆ ಮುಗಿಸಿ ವಾಪಸ್ ಬರುವಾಗ ಬೆಂಗಳೂರು ಏರ್‌ಪೋರ್ಟಿನ ಕೌಂಟರಿನಲ್ಲಿದ್ದ ಹುಡುಗ ನನ್ನ ಹಳೇ ಕಾರ್ಡನ್ನೇ ತಿರುಗಿಸಿ ಮುರುಗಿಸಿ ನೋಡಿ, "ಇದು ಡಿಸೆಂಬರ್ 31ಕ್ಕೆ ಮುಗಿಯುತ್ತಲ್ಲ ಸಾರ್" ಅಂದ. ಆ ಕಾರ್ಡುಗಳ ಮೇಲೆ ವೀಸಾ ಎಷ್ಟೇ ಉದ್ದ ಇದ್ದರೂ ಅದೇ ತಾರೀಖು ಹಾಕಿದ್ದರು. ಫೋನಿನಲ್ಲಿ ಲಾಗಿನ್ ಆಗಿ, ವೀಸಾ ಇದೆ ಅಂತ ಬೇರೆಯವರು ಪರೀಕ್ಷಿಸೋಕೆ ಕೊಡುವ ಶೇರ್ ಕೋಡ್ ತೆಗೆದು ತೋರಿಸಿದೆ. ಅವನು ಸೂಪರ್‌ವೈಸರ್‌ನ ಕರೆದ, ಅವರು ಇನ್ನೊಬ್ಬರಿಗೆ ಫೋನ್ ಮಾಡಿದರು, ಇಪ್ಪತ್ತು ನಿಮಿಷ ಆದ ಮೇಲೆ ಬೋರ್ಡಿಂಗ್ ಪಾಸ್ ಸಿಕ್ಕಿತು. ಕೈಯಲ್ಲಿ ಮದುವೆಯ ಚಿರೋಟಿ ಡಬ್ಬ ಹಿಡಿದುಕೊಂಡು ನಿಂತೇ ಇದ್ದೆ.

ನನ್ನ ವೀಸಾ 2027ರ ಫೆಬ್ರುವರಿವರೆಗೆ ಮಾತ್ರ. ನ್ಯೂ ಎಂಟ್ರೆಂಟ್ ರಿಯಾಯಿತಿ ಗ್ರಾಜುಯೇಟ್ ವೀಸಾದ ದಿನಗಳನ್ನೂ ಸೇರಿಸಿ ನಾಲ್ಕು ವರ್ಷ, ಆಮೇಲೆ ಪೂರ್ತಿ ಸಂಬಳ ತೋರಿಸಬೇಕು. 2025ರ ಜುಲೈ 22ರಿಂದ ಕನಿಷ್ಠವೇ 41,700 ಆಗಿದೆ, ನನ್ನ ಕೋಡಿನ ಗೋಯಿಂಗ್ ರೇಟ್ ಐವತ್ತು ಸಾವಿರ ದಾಟಿದೆ. ಏಪ್ರಿಲ್ 4, 2024ಕ್ಕೆ ಮುಂಚೆಯೇ ಈ ವೀಸಾ ಹಿಡಿದ ಗೆಳೆಯನಿಗೆ ಮಾತ್ರ ಕಡಿಮೆ ಮಿತಿ ಅನ್ವಯಿಸುತ್ತದೆ. ಅವನೂ ನಾನೂ ಒಂದೇ ಕ್ಲಾಸ್, ಅವನು ಜನವರಿಯಲ್ಲಿ ಕೇಳಿದ, ನಾನು ಮೇನಲ್ಲಿ.

ಹೋದ ಶುಕ್ರವಾರ ಮ್ಯಾನೇಜರ್ ಮುಂದೆ ಹೊಸ ಹಾಳೆ ಇಟ್ಟೆ. ಈ ಸಲ ಫೀಸಿನ ಲೆಕ್ಕ ಕೆಳಗಿದೆ, ನನ್ನ ಸಂಬಳದ ಲೆಕ್ಕ ಮೇಲಿದೆ.