ಸ್ಟಿಕ್ ಕೆಳಗಿಡುವ ದಿನಕ್ಕೆ ಮೊದಲೇ: ಕೊಡಗಿನ ಕ್ರೀಡಾಪಟುಗಳಿಗೆ ಎರಡನೆಯ ವೃತ್ತಿಯ ಸಿದ್ಧತೆ

2024ರ ಬೇಸಿಗೆಯಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್ ಹಾಕಿ ಉತ್ಸವದಲ್ಲಿ 360 ಕೊಡವ ಕುಟುಂಬಗಳ ತಂಡಗಳು ಪಾಲ್ಗೊಂಡವು. ತಂಡಕ್ಕೆ ಹನ್ನೊಂದೇ ಮಂದಿ ಎಂದು ಹಿಡಿದರೂ ಸುಮಾರು ನಾಲ್ಕು ಸಾವಿರ ಜನ ಒಂದೇ ಊರಿನಲ್ಲಿ ಸ್ಟಿಕ್ ಹಿಡಿದು ಅಂಗಳಕ್ಕಿಳಿದರು. ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೊರಟ ಭಾರತದ ಹಾಕಿ ತಂಡದಲ್ಲಿ ಇಡೀ ದೇಶಕ್ಕೆ ಇದ್ದ ಸ್ಥಾನಗಳು 16. ಮಗನನ್ನೋ ಮಗಳನ್ನೋ ಕ್ರೀಡಾ ವಸತಿ ಶಾಲೆಗೆ ಸೇರಿಸುವ ಯೋಚನೆಯೊಂದಿಗೆ ನನ್ನ ಬಳಿ ಬರುವ ತಂದೆತಾಯಿಯರಿಗೆ ನಾನು ಮೊದಲು ಹೇಳುವುದು ಈ ಎರಡು ಸಂಖ್ಯೆಗಳನ್ನು. ಆಟವನ್ನು ನಿಶ್ಚಿಂತೆಯಿಂದ, ಪೂರ್ಣ ಮನಸ್ಸಿನಿಂದ ಆಡಬೇಕಾದರೆ, ಆಟ ನಿಂತ ಮರುದಿನ ಬೆಳಿಗ್ಗೆ ಎದ್ದು ಯಾವ ಕೆಲಸಕ್ಕೆ ಹೋಗಬೇಕೆಂಬುದು ಆಡುವವರಿಗೆ ಮೊದಲೇ ಗೊತ್ತಿರಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಈ ನಂಬಿಕೆ ನನಗೆ ಸುಲಭವಾಗಿ ಬಂದದ್ದಲ್ಲ. ನಾನು ಒಂದು ಸಂಸ್ಥೆಯ ತಂಡಕ್ಕೆ ಐದು ವರ್ಷ ಆಡಿದೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಟರ್ಫ್ ಮೇಲೆ ಓಡುತ್ತಾ ತಟ್ಟನೆ ತಿರುಗಿದಾಗ ಬಲಮಂಡಿಯ ಒಳಗಿನ ಮುಖ್ಯ ಅಸ್ಥಿರಜ್ಜು (ಎಸಿಎಲ್) ಹರಿಯಿತು. ಶಸ್ತ್ರಚಿಕಿತ್ಸೆಯಾದ ಮೇಲೆ ಪಂದ್ಯಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ನನ್ನದು ಗುತ್ತಿಗೆಯ ನೇಮಕಾತಿಯಾಗಿದ್ದು, ನವೀಕರಣದ ದಿನ ಹತ್ತಿರವಿದ್ದುದರಿಂದ ನಾನು ಆರನೆಯ ತಿಂಗಳಿಗೇ ಮರಳಿದೆ. ಅದೇ ಮಂಡಿ ಮತ್ತೆ ಹರಿಯಿತು, ಗುತ್ತಿಗೆಯೂ ಮುಗಿಯಿತು. ಆಗ ನನ್ನ ಕೈಯಲ್ಲಿದ್ದದ್ದು ದ್ವಿತೀಯ ಪಿಯುಸಿಯ ಅಂಕಪಟ್ಟಿ, ಒಂದು ಕಪಾಟಿನಷ್ಟು ಟ್ರೋಫಿಗಳು ಮತ್ತು ‘ತೋಟ ಇದೆಯಲ್ಲ’ ಎಂಬ ಮನೆಯವರ ಸಮಾಧಾನದ ಮಾತು. ಮಂಡಿಯ ನೋವಿಗಿಂತಲೂ ಈ ಕೊನೆಯ ಮಾತು ನನ್ನ ಹೆಚ್ಚು ವರ್ಷಗಳನ್ನು ತೆಗೆದುಕೊಂಡಿತು. ಅದನ್ನು ಮುಂದೆ ವಿವರವಾಗಿಯೇ ಹೇಳುತ್ತೇನೆ.

ಸಾಕಷ್ಟು ಗಳಿಸಿದವರಿಗೆ ಈ ಚಿಂತೆಯಿಲ್ಲ ಎಂದು ಹಲವರು ತಿಳಿದಿದ್ದಾರೆ. 1985ರಲ್ಲಿ 17ನೆಯ ವಯಸ್ಸಿಗೇ ವಿಂಬಲ್ಡನ್ ಗೆದ್ದು, ಒಟ್ಟು ಆರು ಗ್ರ್ಯಾಂಡ್ ಸ್ಲಾಂ ಸಿಂಗಲ್ಸ್ ಪ್ರಶಸ್ತಿಗಳನ್ನು ಪಡೆದ ಬೋರಿಸ್ ಬೆಕರ್ 2017ರಲ್ಲಿ ದಿವಾಳಿಯಾದರು, ಆ ಪ್ರಕರಣದಲ್ಲಿ ಆಸ್ತಿಯನ್ನು ಮುಚ್ಚಿಟ್ಟದ್ದಕ್ಕಾಗಿ 2022ರಲ್ಲಿ ಜೈಲಿಗೂ ಹೋದರು. ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲ್ ಆಟಗಾರರ ಬಗ್ಗೆ ಅರ್ಥಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಿವೃತ್ತರಾದ 12 ವರ್ಷಗಳೊಳಗೆ ಸುಮಾರು ಆರರಲ್ಲಿ ಒಬ್ಬರು ದಿವಾಳಿ ಅರ್ಜಿ ಸಲ್ಲಿಸಿದ್ದರು. ಹೆಚ್ಚು ಗಳಿಸಿದ್ದಾಗಲಿ ಹೆಚ್ಚು ವರ್ಷ ಆಡಿದ್ದಾಗಲಿ ಅವರನ್ನು ಅಷ್ಟಾಗಿ ಕಾಪಾಡಿರಲಿಲ್ಲ ಎಂಬುದು ಆ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಕಲಕಿದ ಅಂಶ. ನಮ್ಮ ಹಾಕಿಯಲ್ಲಿ ಅಂಥ ಹಣವೇ ಇರಲಿಲ್ಲ. 1956 ಮತ್ತು 1964ರ ಒಲಿಂಪಿಕ್ ಚಿನ್ನದ ತಂಡಗಳ ಗೋಲುಗಂಬ ಕಾದ ಶಂಕರ್ ಲಕ್ಷ್ಮಣ್, 2006ರಲ್ಲಿ ಮಹೂ ಪಟ್ಟಣದಲ್ಲಿ ಗ್ಯಾಂಗ್ರಿನ್‌ನಿಂದ ನರಳಿ, ಹಣದ ಅಡಚಣೆಯ ನಡುವೆಯೇ ತೀರಿಕೊಂಡರು.

ಆಟಗಾರನ ತಪ್ಪೇ ಇಲ್ಲದೆಯೂ ದಾರಿ ಮುಚ್ಚಿಹೋಗುವುದುಂಟು. ಹಾಕಿ ಇಂಡಿಯಾ ಲೀಗ್ 2017ರಲ್ಲಿ ನಿಂತದ್ದು ಮರಳಿ ಆರಂಭವಾದದ್ದು 2024ರ ಡಿಸೆಂಬರ್‌ನಲ್ಲಿ. ಅದು ನಿಂತಾಗ 24ರ ಹರೆಯದಲ್ಲಿದ್ದವನು ಮತ್ತೆ ಶುರುವಾದಾಗ 31 ದಾಟಿದ್ದ. ಸೋಮವಾರಪೇಟೆಯ ಎಸ್.ವಿ. ಸುನಿಲ್ 2007ರಿಂದ ಹದಿನಾಲ್ಕು ವರ್ಷ ಭಾರತಕ್ಕೆ ಆಡಿ 260ಕ್ಕೂ ಹೆಚ್ಚು ಪಂದ್ಯಗಳನ್ನು ಕಂಡವರು. ಆದರೆ 41 ವರ್ಷಗಳ ನಂತರ ದೇಶಕ್ಕೆ ಹಾಕಿ ಪದಕ ಬಂದ ಟೋಕಿಯೊ ತಂಡದಲ್ಲಿ ಅವರಿಗೆ ಸ್ಥಾನ ಸಿಗಲಿಲ್ಲ. ಅಂಥವರಿಗೇ ಹೀಗಾದರೆ ರಾಜ್ಯ ತಂಡದ ಅಂಚಿನಲ್ಲಿರುವ ಹುಡುಗನ ಲೆಕ್ಕವನ್ನು ಯಾರು ಇಡುತ್ತಾರೆ?

ಮೊದಲು ಕಾಗದಪತ್ರಗಳು

ಹದಿನಾಲ್ಕರಿಂದ ಹದಿನೆಂಟರ ನಡುವಿನ ಕೆಲಸ ಬಹಳ ಸರಳವಾದದ್ದು, ಆದರೆ ಅದನ್ನೇ ಹೆಚ್ಚಿನವರು ಕಡೆಗಣಿಸುತ್ತಾರೆ. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಯಾವ ಕಾರಣಕ್ಕೂ ಅರ್ಧಕ್ಕೆ ನಿಲ್ಲಬಾರದು. ಕ್ಯಾಂಪ್ ಮತ್ತು ಪರೀಕ್ಷೆ ಒಟ್ಟಿಗೆ ಬಂದರೆ ಮುಂದಿನ ಸುತ್ತಿನ ಪರೀಕ್ಷೆ ಬರೆಯಬೇಕು. ಶಾಲೆಗೆ ಹಾಜರಾಗಲು ಸಾಧ್ಯವೇ ಇಲ್ಲದಿದ್ದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಮುಗಿಸಬೇಕು. ಪದವಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಿದೆ. ಅನಿಲ್ ಕುಂಬ್ಳೆ ಮತ್ತು ಜಾವಗಲ್ ಶ್ರೀನಾಥ್ ಇಬ್ಬರೂ ಎಂಜಿನಿಯರಿಂಗ್ ಓದಿದವರು ಎಂಬುದನ್ನು ನಾನು ಮಕ್ಕಳಿಗೆ ಮತ್ತೆ ಮತ್ತೆ ನೆನಪಿಸುತ್ತೇನೆ. ಓದಿನಿಂದ ಅವರ ಬೌಲಿಂಗ್ ಕುಂದಲಿಲ್ಲ.

ಇನ್ನು ಕ್ರೀಡಾ ಪ್ರಮಾಣಪತ್ರಗಳು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಗೆ ನಾಲ್ಕು ನಮೂನೆಗಳನ್ನು ಗೊತ್ತುಪಡಿಸಲಾಗಿದೆ. ಅಂತರರಾಷ್ಟ್ರೀಯ ಪಂದ್ಯ ಆಡಿದವರಿಗೆ ನಮೂನೆ 1, ರಾಷ್ಟ್ರೀಯ ಪಂದ್ಯದಲ್ಲಿ ರಾಜ್ಯವನ್ನು ಪ್ರತಿನಿಧಿಸಿದವರಿಗೆ ನಮೂನೆ 2, ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ನಮೂನೆ 3, ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ನಮೂನೆ 4. ಒಂದೊಂದಕ್ಕೂ ಸಹಿ ಹಾಕಬೇಕಾದ ಅಧಿಕಾರಿ ಬೇರೆ ಬೇರೆ: ಮೊದಲನೆಯದಕ್ಕೆ ರಾಷ್ಟ್ರೀಯ ಫೆಡರೇಷನ್ನಿನ ಕಾರ್ಯದರ್ಶಿ, ಎರಡನೆಯದಕ್ಕೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿ, ಮೂರನೆಯದಕ್ಕೆ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರು, ನಾಲ್ಕನೆಯದಕ್ಕೆ ಶಿಕ್ಷಣ ಇಲಾಖೆಯ ಉನ್ನತಾಧಿಕಾರಿ. ಪಂದ್ಯ ಮುಗಿದ ವರ್ಷವೇ ಈ ಸಹಿ ಪಡೆದು, ಮೂಲಪ್ರತಿಯನ್ನು ಮನೆಯಲ್ಲಿಟ್ಟು, ನಕಲನ್ನು ಮಾತ್ರ ಕೈಯಲ್ಲಿ ಹಿಡಿದು ತಿರುಗಾಡಬೇಕು. ಐದು ವರ್ಷ ಬಿಟ್ಟು ಕೇಳಲು ಹೋದರೆ ಪದಾಧಿಕಾರಿಗಳು ಬದಲಾಗಿರುತ್ತಾರೆ, ದಾಖಲೆಗಳು ಎಲ್ಲೋ ಸೇರಿರುತ್ತವೆ. ನಮ್ಮ ಕುಟುಂಬ ಹಾಕಿಯಲ್ಲಿ ಪಡೆದ ಪ್ರಶಸ್ತಿ ಈ ನಾಲ್ಕು ನಮೂನೆಗಳಲ್ಲಿ ಯಾವುದಕ್ಕೂ ಹೊಂದುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಿಬಿಡಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಆರಂಭಿಸಿದ ಈ ಉತ್ಸವದ ಆಶಯ ಒಕ್ಕ ಒಕ್ಕಗಳನ್ನು, ಅಂದರೆ ಕೊಡವ ಕುಲಕುಟುಂಬಗಳನ್ನು, ಬೆಸೆಯುವುದಾಗಿತ್ತು, ಆ ಕೆಲಸವನ್ನು ಅದು ಸೊಗಸಾಗಿಯೇ ಮಾಡುತ್ತಿದೆ. ಉದ್ಯೋಗದ ದಾರಿ ಮಾತ್ರ ಬೇರೆ.

ಕೆಲಸ ಸಿಕ್ಕ ಮೇಲೆ ಕೆಲಸ ಕಲಿಯಬೇಕು

ರೈಲ್ವೆ, ಸೇನೆ, ಪೊಲೀಸ್, ಬ್ಯಾಂಕು ಅಥವಾ ತೈಲ ಸಂಸ್ಥೆಯ ತಂಡಕ್ಕೆ ಆಯ್ಕೆಯಾದ ದಿನ ಮನೆಯಲ್ಲಿ ಹಬ್ಬವಾಗುತ್ತದೆ. ಆ ದಿನ ಕೇಳಬೇಕಾದ ಮೊದಲ ಪ್ರಶ್ನೆ, ಇದು ಕಾಯಂ ನೇಮಕಾತಿಯೋ ಗುತ್ತಿಗೆಯೋ ಎಂಬುದು. ಸಂಬಳ ಸ್ವಲ್ಪ ಕಡಿಮೆಯಿದ್ದರೂ ಕಾಯಂ ನೇಮಕಾತಿಯನ್ನೇ ಆರಿಸಿಕೊಳ್ಳಿ ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಎರಡನೆಯ ವಿಷಯ ಇನ್ನೂ ಮುಖ್ಯವಾದದ್ದು. ತಂಡದ ಆಟಗಾರರಿಗೆ ಕಚೇರಿಯಲ್ಲಿ ರಿಯಾಯಿತಿ ಇರುತ್ತದೆ. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಸಹಿ, ಸಂಜೆ ಮತ್ತೆ ಅಭ್ಯಾಸ. ಹತ್ತು ವರ್ಷ ಹೀಗೆ ಕಳೆದು, ಮೂವತ್ತೆರಡಕ್ಕೆ ತಂಡದಿಂದ ಕೈಬಿಟ್ಟಾಗ ಅದೇ ಕಚೇರಿಯ ಮೇಜಿನ ಮುಂದೆ ಏನೂ ತಿಳಿಯದೆ ಕುಳಿತು, ತನಗಿಂತ ಹತ್ತು ವರ್ಷ ಕಿರಿಯರಿಂದ ಕಡತ ಬರೆಯುವುದನ್ನು ಕಲಿಯಬೇಕಾದ ಸ್ಥಿತಿಯನ್ನು ನನ್ನ ಜೊತೆಯವರಲ್ಲಿ ಕಣ್ಣಾರೆ ಕಂಡಿದ್ದೇನೆ. ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಪೂರ್ಣ ದಿನ ಕಚೇರಿಗೆ ಹೋಗುವುದು, ಇಲಾಖಾ ಪರೀಕ್ಷೆಗಳನ್ನು ಆಡುವ ಕಾಲದಲ್ಲೇ ಬರೆಯುವುದು, ಕಂಪ್ಯೂಟರ್ ಮತ್ತು ಲೆಕ್ಕಪತ್ರವನ್ನು ಅಭ್ಯಾಸ ಮಾಡಿಕೊಳ್ಳುವುದು ಈ ಸಂಕಟವನ್ನು ತಪ್ಪಿಸುತ್ತವೆ. 1980ರ ಮಾಸ್ಕೊ ಚಿನ್ನದ ತಂಡದಲ್ಲಿದ್ದು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿದ್ದ ನಮ್ಮ ಎಂ.ಎಂ. ಸೋಮಯ್ಯ ಭಾರತ್ ಪೆಟ್ರೋಲಿಯಂನ ಉದ್ಯೋಗಿಯಾಗಿ ಆಟದ ನಂತರವೂ ಅಲ್ಲಿ ದೀರ್ಘಕಾಲ ದುಡಿದರು. ಎಂ.ಪಿ. ಗಣೇಶ್ ಸೇನೆಯಿಂದ ಆಟಕ್ಕೆ ಬಂದು, ಬಳಿಕ ತರಬೇತುದಾರರಾಗಿ, ಕ್ರೀಡಾ ಪ್ರಾಧಿಕಾರದ ಆಡಳಿತದಲ್ಲೂ ಹೊಣೆ ಹೊತ್ತರು.

ಹಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಂಬಳದಲ್ಲಿ ಬದುಕಬೇಕು, ಬಹುಮಾನದ ಹಣವನ್ನು ಮುಟ್ಟದೆ ಠೇವಣಿಯಲ್ಲಿಡಬೇಕು. ವೈಯಕ್ತಿಕ ಅಪಘಾತ ವಿಮೆ ಮಾಡಿಸುವಾಗ ವೃತ್ತಿಪರ ಕ್ರೀಡೆಯಲ್ಲಿ ಆಗುವ ಗಾಯಕ್ಕೆ ಪರಿಹಾರ ಉಂಟೇ ಎಂದು ಬರಹದಲ್ಲೇ ಕೇಳಬೇಕು, ಏಕೆಂದರೆ ಹಲವು ಪಾಲಿಸಿಗಳು ಅದನ್ನು ಹೊರಗಿಟ್ಟಿರುತ್ತವೆ. ಕೇಂದ್ರದ ಪಿಂಚಣಿಯನ್ನು ನಂಬಿ ಕುಳಿತವರಿಗೆ ಒಂದು ಮಾತು: ಅದು ಒಲಿಂಪಿಕ್ಸ್, ವಿಶ್ವಕಪ್, ಏಷ್ಯನ್ ಕ್ರೀಡಾಕೂಟ, ಕಾಮನ್‌ವೆಲ್ತ್ ಕ್ರೀಡಾಕೂಟದಂಥ ಕಡೆ ಪದಕ ಗೆದ್ದು ನಿವೃತ್ತರಾದ, 30 ದಾಟಿದವರಿಗೆ ಮಾತ್ರ. ರಾಜ್ಯಕ್ಕೆ ಹತ್ತು ವರ್ಷ ಆಡಿದವರಿಗೆ ಅದರಲ್ಲಿ ಪಾಲಿಲ್ಲ.

‘ತೋಟ ಇದೆಯಲ್ಲ’

ಬೇರೆ ಜಿಲ್ಲೆಯ ಆಟಗಾರನಿಗೆ ಇಲ್ಲದ ಒಂದು ಭ್ರಮೆ ಕೊಡಗಿನ ಆಟಗಾರನಿಗೆ ಇದೆ. ಆಟ ಕೈಕೊಟ್ಟರೆ ತೋಟ ಕಾಯುತ್ತದೆ ಎಂಬ ಭರವಸೆಯಲ್ಲಿ ಅವನು ಓದನ್ನು ಬಿಡುತ್ತಾನೆ, ಮನೆಯವರೂ ಅವನನ್ನು ಒತ್ತಾಯಿಸುವುದಿಲ್ಲ. ತೋಟವೂ ಒಂದು ವೃತ್ತಿ. ಹಾಕಿಯಷ್ಟೇ ಕಲಿಕೆಯನ್ನು ಬೇಡುವ ವೃತ್ತಿ. ಮೊದಲಿಗೆ ಜಮೀನು ಯಾರ ಹೆಸರಿನಲ್ಲಿದೆ ಎಂದು ಪಹಣಿ ತೆಗೆದು ನೋಡಬೇಕು. ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯಾಗಿದ್ದರೆ ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರಿನೊಂದಿಗೆ ಪಾಲುದಾರರ ಹೆಸರುಗಳೂ ಸಾಲಾಗಿರುತ್ತವೆ, ಬ್ಯಾಂಕಿನಲ್ಲಿ ಸಾಲ ಕೇಳುವಾಗ ಅವರೆಲ್ಲರ ಒಪ್ಪಿಗೆಯ ಪ್ರಶ್ನೆ ಏಳುತ್ತದೆ. ಮೂವರು ಅಣ್ಣತಮ್ಮಂದಿರಿಗೆ ಹಂಚಿದ ಮೇಲೆ ತನ್ನ ಪಾಲಿಗೆ ಎಷ್ಟು ಎಕರೆ ಉಳಿಯುತ್ತದೆ, ಬೆಲೆ ಕುಸಿದ ವರ್ಷ ಅಷ್ಟರಿಂದ ಒಂದು ಸಂಸಾರ ನಡೆಯುತ್ತದೆಯೇ ಎಂದು ಕಾಗದದ ಮೇಲೆ ಲೆಕ್ಕ ಹಾಕಬೇಕು. ಬೆಲೆ ಏರಿದ ವರ್ಷದ ಲೆಕ್ಕ ಯಾರನ್ನೂ ಕಾಪಾಡದು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಎಷ್ಟೋ ಕುಟುಂಬಗಳ ತೋಟಗಳೇ ಕೊಚ್ಚಿಹೋದದ್ದನ್ನು ನಾವು ಮರೆತಿಲ್ಲ. ಇಂಥ ಮಾತನ್ನು ಆಡಲು ಸುಗ್ಗಿಯ ಹಬ್ಬವಾದ ಪುತ್ತರಿಗೆ ಎಲ್ಲರೂ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರುವ ಸಂದರ್ಭವೇ ಒಳ್ಳೆಯದು. ಗಾಯಗೊಂಡು ಮನೆಗೆ ಬಂದ ಮೇಲೆ ಅದೇ ಮಾತು ಜಗಳವಾಗಿ ಕೇಳಿಸುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಅರೇಬಿಕಾ ಮತ್ತು ರೊಬಸ್ಟಾ ಕಾಫಿಯ ಕುಯ್ಲು ನವೆಂಬರ್‌ನಿಂದ ಫೆಬ್ರವರಿಯವರೆಗೆ, ಬಳಿಕ ಹೂಮಳೆಗೆ ಕಾಯುವ ಅಥವಾ ಸ್ಪ್ರಿಂಕ್ಲರ್ ಹಾಯಿಸುವ ಕಾಲ. ಇದೇ ತಿಂಗಳುಗಳಲ್ಲಿ ಆಟಗಾರ ಪಂದ್ಯಗಳಿಗಾಗಿ ಊರಿನಿಂದ ಹೊರಗಿರುತ್ತಾನೆ. ಹೀಗಾಗಿ ಕಾಫಿ ತೋಟದಲ್ಲೇ ಹುಟ್ಟಿದ ಹುಡುಗ ಮೂವತ್ತಾಗುವವರೆಗೆ ಒಂದು ಕುಯ್ಲನ್ನೂ ಮೊದಲಿನಿಂದ ಕೊನೆಯವರೆಗೆ ಕಂಡಿರುವುದಿಲ್ಲ. ಕಣದಲ್ಲಿ ಹಣ್ಣು ಒಣಗಿಸುವ ಹದ, ಕಾಂಡಕೊರಕದ ಗುರುತು, ನೆರಳು ಮರದ ಕಪಾತು, ಮೆಣಸು ಬಳ್ಳಿಗೆ ಮಳೆಗಾಲದಲ್ಲಿ ತಗಲುವ ರೋಗ ಇವೆಲ್ಲವೂ ನನಗೆ ಗೊತ್ತಿರಲಿಲ್ಲ. ತಿಳಿಯದೆ ಹೊಸ ಗಿಡ ನೆಟ್ಟು, ಮೊದಲ ಫಸಲಿಗೇ ಮೂರು ನಾಲ್ಕು ವರ್ಷ ಬೇಕೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಸಾಲ ಮಾಡಿ ಕುಳಿತೆ. ಆದ್ದರಿಂದ ಆಡುತ್ತಿರುವವರು ವರ್ಷಕ್ಕೆ ಎರಡು ವಾರವನ್ನಾದರೂ ಕುಯ್ಲಿನ ಕಾಲದಲ್ಲಿ ಮನೆಯಲ್ಲಿ ಕಳೆಯಬೇಕು. ಖರ್ಚು, ಕೂಲಿ, ಇಳುವರಿಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಹೋಗಿ ಸಂಶಯಗಳನ್ನು ಕೇಳಬೇಕು. ವಿಜ್ಞಾನ ಪದವಿ ಇದ್ದವರಿಗೆ ಕಾಫಿ ಮಂಡಳಿಯ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ.

ತೋಟವೇ ಇಲ್ಲದವರ ಮಾತನ್ನೂ ಇಲ್ಲಿಯೇ ಹೇಳಬೇಕು. ಕೂಡಿಗೆಯಲ್ಲೂ ಪೊನ್ನಂಪೇಟೆಯಲ್ಲೂ ಮಡಿಕೇರಿಯಲ್ಲೂ ತರಬೇತಿ ಪಡೆಯುವ ಮಕ್ಕಳಲ್ಲಿ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬಂದವರು, ಆದಿವಾಸಿಗಳ ಹಾಡಿಗಳಿಂದ ಬಂದವರು ಇದ್ದಾರೆ. ಅವರಿಗೆ ಮರಳಿ ಹೋಗಲು ಕೂಲಿಯಲ್ಲದೆ ಬೇರೆ ದಾರಿಯಿಲ್ಲ. ಅಂಥ ಮಕ್ಕಳ ಓದಿಗೆ ತರಬೇತುದಾರರು ಮತ್ತು ಶಿಕ್ಷಕರು ಪಾಲಕರಷ್ಟೇ ಹೊಣೆಗಾರರು.

ಆಟದ ಸುತ್ತಲಿನ ಕೆಲಸಗಳು

ಚೆನ್ನಾಗಿ ಆಡಿದವನು ಚೆನ್ನಾಗಿ ಕಲಿಸುತ್ತಾನೆ ಎಂಬ ನಂಬಿಕೆಯಿಂದ ಯಾವ ಸಂಸ್ಥೆಯೂ ಈಗ ತರಬೇತುದಾರರನ್ನು ನೇಮಿಸುವುದಿಲ್ಲ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾಗೆ ಪದವಿ ಬೇಕು. ಆರು ವಾರಗಳ ಸರ್ಟಿಫಿಕೇಟ್ ಕೋರ್ಸನ್ನು ಆಡುತ್ತಿರುವಾಗಲೇ ಮುಗಿಸಬಹುದು. ದೈಹಿಕ ಶಿಕ್ಷಕರಾಗಲು ಎರಡು ವರ್ಷದ ಬಿ.ಪಿ.ಎಡ್. ಬೇಕು, ನಾನು ಮೂವತ್ತೊಂದರಲ್ಲಿ ಪದವಿ ಮುಗಿಸಿ, ಆಮೇಲೆ ಅದಕ್ಕೆ ಸೇರಿ, ನನಗಿಂತ ಹತ್ತು ವರ್ಷ ಚಿಕ್ಕವರೊಂದಿಗೆ ಬೆಂಚಿನಲ್ಲಿ ಕುಳಿತೆ. 2024ರ ಆಗಸ್ಟ್ 29ರಂದು ಕೇಂದ್ರ ಸರ್ಕಾರ ನಿವೃತ್ತ ಕ್ರೀಡಾಪಟುಗಳಿಗಾಗಿ ಆರಂಭಿಸಿದ ‘ರೀಸೆಟ್’ ಯೋಜನೆಯಲ್ಲಿ 20ರಿಂದ 50 ವರ್ಷದವರು ಕೋರ್ಸುಗಳಿಗೆ ಅರ್ಜಿ ಹಾಕಬಹುದು, ಪಿಯುಸಿ ಮುಗಿಸದವರಿಗೂ ಅದರಲ್ಲಿ ಬೇರೆ ವಿಭಾಗವಿದೆ. ಓಟಗಾರ್ತಿ ಅಶ್ವಿನಿ ನಾಚಪ್ಪ ಗೋಣಿಕೊಪ್ಪದಲ್ಲಿ ಶಾಲೆ ಕಟ್ಟಿದರು. 43ರ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ರೋಹನ್ ಬೋಪಣ್ಣರನ್ನು ತೋರಿಸಿ ‘ಇನ್ನೂ ಸಮಯವಿದೆ’ ಎನ್ನುವ ಹುಡುಗರಿಗೆ, ಅವರು ಬೆಂಗಳೂರಿನ ತಮ್ಮ ಟೆನಿಸ್ ಅಕಾಡೆಮಿಯನ್ನು ಆಡುತ್ತಿರುವಾಗಲೇ ಆರಂಭಿಸಿದ್ದರು ಎಂಬುದನ್ನೂ ಹೇಳುತ್ತೇನೆ.

ಮನಸ್ಸಿನ ಸಿದ್ಧತೆ ಇವೆಲ್ಲಕ್ಕಿಂತ ಕಷ್ಟದ್ದು. ಊರಿನಲ್ಲಿ ಎಲ್ಲರೂ ‘ಪ್ಲೇಯರ್’ ಎಂದು ಕರೆಯುತ್ತಿದ್ದವನನ್ನು ಒಂದು ದಿನ ಯಾರೂ ಹಾಗೆ ಕರೆಯದಿದ್ದಾಗ ಆಗುವ ಶೂನ್ಯ ನನಗೆ ಗೊತ್ತು; ಮದುವೆ ಮನೆಗಳಿಗೆ ಹೋಗುವುದನ್ನೇ ನಾನು ಬಿಟ್ಟಿದ್ದೆ. ಕ್ರಿಕೆಟಿಗ ರಾಬಿನ್ ಉತ್ತಪ್ಪ ತಮ್ಮ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತನಾಡಿದ್ದಾರೆ, ಅದು ಅನೇಕರಿಗೆ ಧೈರ್ಯ ಕೊಟ್ಟಿದೆ. ಗಾಯವಾಗಿ ಮನೆಗೆ ಬಂದವನು ಸಂಜೆಯಾಗುತ್ತಲೇ ಕುಡಿತಕ್ಕೆ ಕೂರುವುದನ್ನು ಕಂಡರೆ ‘ಸ್ವಲ್ಪ ದಿನ ಬಿಡಿ’ ಎನ್ನದೆ ಮಾತನಾಡಿಸಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಅದಕ್ಕೆ ಹಣ ಕೊಡಬೇಕಾಗಿಲ್ಲ.

ಹಾಕಿ ಉತ್ಸವ ಮುಗಿದು ಜೂನ್ ಮಳೆ ಹಿಡಿದ ಮೇಲೆ ಕೊಡಗಿನ ಮೈದಾನಗಳು ಕೆಸರಾಗುತ್ತವೆ, ಕಾಲೇಜುಗಳ ಪ್ರವೇಶವೂ ಅದೇ ಹೊತ್ತಿಗೆ ನಡೆಯುತ್ತದೆ. ಆ ವಾರಗಳಲ್ಲಿ ಒಂದು ಕಡತ ಕೊಂಡು ತಂದು, ಅಂಕಪಟ್ಟಿಗಳನ್ನೂ ಸಹಿಯಾದ ನಮೂನೆಗಳನ್ನೂ ಪಹಣಿಯ ಪ್ರತಿಯನ್ನೂ ಅದರಲ್ಲಿ ಜೋಡಿಸಿ. ಸಹಿಯಾಗದ ನಮೂನೆ ಯಾವುದೆಂದು ನೋಡಿ, ಯಾರನ್ನು ಕಾಣಬೇಕೆಂಬುದನ್ನು ಅದರ ಮೇಲೆಯೇ ಪೆನ್ಸಿಲ್‌ನಲ್ಲಿ ಬರೆದಿಡಿ.